ತೊಗಲಗುಂಡಿಗೆ ಉಡಿ ತುಂಬಿದ್ದು

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳೆಲ್ಲ ಸದ್ಯ ನಮ್ಮದಲ್ಲ ಎಂದು ಮೈಮುರಿದು ಮಲಗುತ್ತವೆ. ಹುಮನಾಬಾದಿನಿಂದ ಕಲ್ಯಾಣಿಗೆ ಹೋಗುವ ಗಾಡಿದಾರಿಯಲ್ಲಿ ಎಡಕ್ಕೆ ಹೊರಳಿದರೂ ಆ ಊರೇ, ಬಲಕ್ಕೆ ಹೊರಳಿದರೂ ಆ ಊರೇ. ಊರಿಗೊಂದು ಮಾದಿಗರ ಕೇರಿ, ಕೇರಿಯ ಆಚೆಗೊಂದು ತೊಗಲಗುಂಡಿ.

ಈ ತೊಗಲಗುಂಡಿ ಕೆಂಪುಕಲ್ಲಿನ ಹಳೆಯ ಕಣಿ. ಪಾಟೀಲರ ವಾಡೆ ಕಟ್ಟುವಾಗ ಕಲ್ಲು ಕಡಿದೊಯ್ದು ಬಿಟ್ಟ ಹೊಂಡ, ಎರಡು ಬಾವಿಯಷ್ಟು ಅಗಲ. ಕಲ್ಲು ಕಡಿದವರು ಮಾದಿಗರು, ಹೊತ್ತವರು ಮಾದಿಗರು. ವಾಡೆ ಪಾಟೀಲರಿಗೆ ಹೋಯಿತು, ಹೊಂಡ ಮಾದಿಗರಿಗೆ ಉಳಿಯಿತು. ಅದರಲ್ಲಿ ಮಳೆನೀರು ನಿಂತಿತು. ಕೇರಿಯ ತುಳಜವ್ವನ ಮಾವ ಅದರಲ್ಲಿ ತೊಗಲು ನೆನೆಹಾಕಿದ. ಅವನು ಹೋದ ಮೇಲೆ ಗಂಡ, ಗಂಡ ಹೋದ ಮೇಲೆ ತುಳಜವ್ವ. ಸುಣ್ಣ, ಕೂದಲು, ತೊಗಲು ಹದ ಮಾಡುವ ತಂಗಡಿ ತೊಗಟೆ, ಹೆರೆದು ತೆಗೆದ ಮಾಂಸದ ಚೂರು ಎಲ್ಲವೂ ತಳಕ್ಕಿಳಿದು ಕರಿ ಕೆಸರಾಗಿತ್ತು. ನೀರಿನ ಮೇಲೆ ನೊಣ ಇತ್ತು. ನೀರಿನೊಳಗೆ ಒಂದು ಕಪ್ಪೆಯೂ ಇರಲಿಲ್ಲ.

ಆ ನಾತ ತುಳಜವ್ವನ ಮೈಗೆ ಹತ್ತಿತ್ತು. ಬೂದಿ ಹಚ್ಚಿ ತಿಕ್ಕುತ್ತಿದ್ದಳು, ಚರ್ಮ ಸುಲಿಯುವಂತೆ ತಿಕ್ಕುತ್ತಿದ್ದಳು, ಹೋಗುತ್ತಿರಲಿಲ್ಲ. ಹುಮನಾಬಾದಿನ ಸಂತೆಯಲ್ಲಿ ಉಪ್ಪು ಕೊಡುವವನು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು ಪೊಟ್ಟಣ ಎಸೆಯುತ್ತಿದ್ದ. ನಾಯಿಗೆ ಎಸೆಯುವಾಗಲಾದರೂ ಬಾ ಬಾ ಅನ್ನುತ್ತಾರೆ. ಊರ ಬಾವಿಯ ಹತ್ತಿರ ಬಿಸಿಲಲ್ಲಿ ಕೊಡ ಇಟ್ಟು ಕೂರಬೇಕು. ಯಾರಿಗಾದರೂ ದಯೆ ಬಂದರೆ ಮೇಲಿನಿಂದ ಸುರಿಯುತ್ತಾರೆ. ಬಾರದಿದ್ದರೆ ಕೂತೇ ಇರಬೇಕು. ಹುಟ್ಟಿದಾಗಿನಿಂದ ಅವಳು ಕುಡಿದದ್ದೆಲ್ಲ ಬೇರೆಯವರ ಕೈಯ ನೀರು. ಸಾಯುವುದರೊಳಗೆ ಒಮ್ಮೆ ತಾನೇ ಬಗ್ಗಿ, ತನ್ನ ಬೊಗಸೆಯಲ್ಲಿ ತಾನೇ ಮೊಗೆದು, ಹೊಟ್ಟೆ ತುಂಬ ಕುಡಿಯಬೇಕು ಅನ್ನುವುದು ಅವಳ ಆಸೆಯಾಗಿತ್ತು. ಬಂಗಾರ ಕೇಳಿದ್ದರೆ ದುರಾಸೆ ಅನ್ನಬಹುದಿತ್ತು.

ನಿಜಾಮನನ್ನು ಇಳಿಸಲು ಹೈದರಾಬಾದಿಗೆ ದಂಡು ಬಂದ ವರ್ಷ ಹಬೀಬ ಕೇರಿಗೆ ಬಂದ. ಬಂದ ಅನ್ನುವುದಕ್ಕಿಂತ ಬಿದ್ದ ಅನ್ನಬೇಕು. ಮೊದಲು ರಜಾಕಾರರು ಸುಟ್ಟಿದ್ದರು. ಆಮೇಲೆ ಬೇರೆಯವರು ಸೇಡಿಗೆ ಸುಟ್ಟರು. ಹಬೀಬ ಯಾರನ್ನೂ ಸುಟ್ಟವನಲ್ಲ, ಕಲ್ಯಾಣಿಯ ನವಾಬರ ತೋಟದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಬಾಗವಾನ. ಜೋಳದ ಹೊಲದೊಳಗಿಂದ ಓಡುತ್ತ ಬಂದವನು ಗುಂಡಿಯ ದಂಡೆಯಲ್ಲಿ ತುಳಜವ್ವನ ಕಾಲ ಬಳಿ ಕುಸಿದ. ಅವನನ್ನು ಎಳೆದು ಹಸಿ ತೊಗಲಿನ ಒಟ್ಟಿಲ ಕೆಳಗೆ ತುರುಕಿದಳು. ತಲವಾರು ಹಿಡಿದವರು ಬಂದರು. ದಂಡೆಯತನಕ ಬಂದು ಮೂಗು ಮುಚ್ಚಿಕೊಂಡರು. ಒಬ್ಬ ಅಲ್ಲೇ ವಾಂತಿ ಮಾಡಿದ. ಹಾಗೇ ತಿರುಗಿ ಹೋದರು.

ಹೊರಗೆ ಬಂದ ಹಬೀಬನ ಮೈಮೇಲೆ ಹುಳ ಹರಿಯುತ್ತಿದ್ದವು.

“ಅಕ್ಕಾ, ನಿಮ್ಮ ಗುಂಡಿ ನಾತ ನನ್ನ ಜಾನ್ ಉಳಿಸೇದ” ಎಂದ.

ತುಳಜವ್ವನಿಗೆ ನಗು ಬಂತು. ಆ ನಾತಕ್ಕೆ ಯಾರಾದರೂ ಉಪಕಾರ ಹೇಳಿದ್ದು ಅದೇ ಮೊದಲು.

ಗಲಾಟೆ ತಣ್ಣಗಾದ ಮೇಲೆ ಹಬೀಬ ಕಲ್ಯಾಣಿಗೆ ಹೋಗಿ ಬಂದ. ಮನೆ ಇರಲಿಲ್ಲ. ಹೆಂಡತಿ ಖುರ್ಷೀದ್ ಬೇಗಂ ಸಿಗಲಿಲ್ಲ. ನವಾಬರ ಜಾಗೀರೇ ಮುಳುಗಿತ್ತು, ತೋಟದಲ್ಲಿ ದನ ಮೇಯುತ್ತಿದ್ದವು. ಬಂದವನು ತುಳಜವ್ವನ ಗುಡಿಸಲ ಹಿಂದೆ ಒಂದು ಚಪ್ಪರ ಹಾಕಿಕೊಂಡ.

ಆ ಬೇಸಿಗೆಯಲ್ಲಿ ಗುಂಡಿ ಬತ್ತಿತು. ತೊಗಲು ಕೊಳ್ಳುತ್ತಿದ್ದ ಸಾಹುಕಾರ ಊರು ಬಿಟ್ಟು ಹೋಗಿದ್ದ. ತುಳಜವ್ವನ ಮಗ ಪಂಡರಿ, ಹರೆಯಕ್ಕೆ ಬಂದ ಹುಡುಗ, ತನ್ನ ಓರಗೆಯವರ ಜೊತೆ ಬೇವಿನ ಕೆಳಗೆ ಕೂತು ಹೊತ್ತು ಕಳೆಯುತ್ತಿದ್ದ. ಪಾಟೀಲರ ಬಿಟ್ಟಿ ಚಾಕರಿ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಒಂದು ಮುಂಜಾನೆ ಹಬೀಬ ಗುಂಡಿಗೆ ಇಳಿದು ಒಂದು ಮೂಲೆಯಲ್ಲಿ ಅಂಗೈ ಊರಿ ಕೂತ. ಆಮೇಲೆ ಹುಡುಗರನ್ನು ಕರೆದ.

“ಇಲ್ಲಿ ಕೈ ಇಡ್ರಿ. ಏನು ಹತ್ತತದ?”

“ಹೊಲಸು” ಎಂದ ಪಂಡರಿ.

“ಹೊಲಸಿನ ಕೆಳಗ?”

ಪಂಡರಿ ಮೊಣಕೈತನಕ ಕೈ ಇಳಿಸಿದ. ಅವನ ಮುಖ ಬದಲಾಯಿತು. “ತಂಪು ಅದ” ಎಂದ. ಕೆಂಪುಕಲ್ಲಿನ ಸಂದಿಯಿಂದ ಸೆಲೆ ಒಸರುತ್ತಿತ್ತು. ಊರವರ ಬಾವಿಗಳು ಬಾಯಿ ಒಣಗಿಸಿಕೊಂಡಿದ್ದ ಬೇಸಿಗೆಯಲ್ಲಿ ಮಾದಿಗರ ಗುಂಡಿಯ ತಳದಲ್ಲಿ ನೀರಿತ್ತು. ಎರಡು ತಲೆಮಾರು ಅದರ ಮೇಲೆ ಕೊಳಕು ಸುರಿದು ಕೂತಿದ್ದರು.

ಅಂದಿನಿಂದ ಕೆಸರು ಬಳಿದು ತೆಗೆಯುವ ಕೆಲಸ ಹಿಡಿದರು. ಕೇರಿಯ ಹುಡುಗರು, ಹುಡುಗಿಯರು, ಎಲ್ಲರೂ ಇಳಿದರು. ಸೊಂಟದತನಕ ಕರಿ ಕೆಸರು. ಅದರಲ್ಲಿ ಎಲುಬು, ಕೊಂಬು, ಗೊರಸು. ಕಾಲು ಸೀಳುತ್ತಿತ್ತು, ಸೀಳಿದ ಕಾಲು ಸುಣ್ಣಕ್ಕೆ ಉರಿಯುತ್ತಿತ್ತು. ಬುಟ್ಟಿ ತುಂಬಿ ತಲೆ ಮೇಲೆ ಹೊತ್ತು ದಂಡೆ ಹತ್ತಿದರೆ ಕೆಸರು ಕಣ್ಣಿಗೆ, ಬಾಯಿಗೆ ಇಳಿಯುತ್ತಿತ್ತು. ಹುಡುಗರು ಕಾರಿಕೊಂಡರು, ಬಾಯಿ ಒರೆಸಿಕೊಂಡು ಮತ್ತೆ ಇಳಿದರು. ತುಳಜವ್ವ ಅವರ ಮೈಯ ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚುತ್ತ, ಬಿಟ್ಟಿ ಚಾಕರಿಗೆ ಎದ್ದೇಳಲು ನರಳುವ ಹುಡುಗರು ಇದಕ್ಕೆ ಕರೆಯದೆ ಏಳುತ್ತಾರಲ್ಲ ಎಂದು ಬೆರಗಾಗುತ್ತಿದ್ದಳು.

ಎತ್ತಿದ ಕೆಸರನ್ನು ಹಬೀಬ ಚೆಲ್ಲಲು ಬಿಡಲಿಲ್ಲ. ದಂಡೆಯ ಸುತ್ತ ಹರಡಿಸಿ ಒಣಗಿಸಿ ಗೊಬ್ಬರ ಮಾಡಿಸಿದ. ಹುಡುಗರನ್ನು ಕಟ್ಟಿಕೊಂಡು ನಿರ್ಣಾ ಊರ ಕಡೆಯ ಹಳ್ಳದಿಂದ ಹೊಂಗೆಯ ಬೀಜ ತಂದ. ನೇರಳೆ, ಬೇವು, ಅತ್ತಿ ಹಾಕಿಸಿದ. ಕಲಿಸುವ ರೀತಿ ಅವನದೇ. ಕಣ್ಣು ಮುಚ್ಚಿಸಿ ಎಲೆ ಸವರಿಸುವುದು, ಬಾಯಿಗೆ ಹಾಕಿ ಅಗಿಸುವುದು, ಹೆಸರು ಹೇಳಿಸುವುದು. ತಪ್ಪು ಹೇಳಿದವರಿಗೆ ಇನ್ನೊಂದು ಬೇವಿನೆಲೆ. ಎಲೆ ತಿಂದೂ ತಿಂದೂ ಹುಡುಗರ ನಾಲಿಗೆ ಆಡಿನ ನಾಲಿಗೆಯಾಯಿತು ಎಂದು ಮುದುಕರು ನಗುತ್ತಿದ್ದರು. ಶಾಲೆಯ ಹೊಸ್ತಿಲು ಮೆಟ್ಟದ ಮಕ್ಕಳಿಗೆ ಯಾವ ಗಿಡಕ್ಕೆ ಎಷ್ಟು ಅಂತರ ಬೇಕು, ಯಾವ ಹಕ್ಕಿ ಯಾವ ಹಣ್ಣಿಗೆ ಬರುತ್ತದೆ ಎಲ್ಲ ಬಂತು. ಕಲ್ಯಾಣಿಯ ಹಾಳು ತೋಟದ ಹೌಜಿನ ತೊಟ್ಟಿಯಿಂದ ಹಬೀಬ ನೈದಿಲೆಯ ಗಡ್ಡೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ತಂದ. ಅದನ್ನು ನೆಟ್ಟದ್ದು ಸಂಗಮ್ಮ, ತುಳಜವ್ವನ ತಂಗಿಯ ಮಗಳು. ತಾಯಿಯಿಲ್ಲದ ಹುಡುಗಿ, ಬಾಯಿ ಜೋರು.

ಮೊದಲ ಮಳೆಗಾಲದ ನೀರು ಕುಡಿಯಲು ಬರಲಿಲ್ಲ. ಹೊಂಡದ ಗೋಡೆಗೆ ಹತ್ತಿದ ಸುಣ್ಣ ತೊಳೆಯಬೇಕಿತ್ತು. ಬಳಿದು ಗಿಡಕ್ಕೆ ಹಾಕಿದರು. ಮತ್ತೆ ತುಂಬಿದ್ದನ್ನು ಮತ್ತೆ ಬಳಿದರು. “ಬರೋ ವರ್ಷ ಕುಡೀಲಿಕ್ಕಿ ಬರ್ತದ ಅಕ್ಕಾ” ಎಂದಿದ್ದ ಹಬೀಬ. ಎರಡನೆಯ ಮಳೆಗಾಲ ಬಂದಾಗ ಹೊಂಡದ ನೀರಲ್ಲಿ ತಳದ ಕೆಂಪುಕಲ್ಲು ಕಾಣುತ್ತಿತ್ತು. ಕಪ್ಪೆ ಬಂದವು. ಮೀನು ಎಲ್ಲಿಂದ ಬಂದವೋ, ಬಂದವು. ಜೊಂಡಿನೊಳಗೆ ನೀರಕೋಳಿ ಜೋಡಿ ಓಡಾಡುತ್ತಿತ್ತು. ಹೊಂಗೆ ಸಂಗಮ್ಮನ ಎತ್ತರ ಬೆಳೆದಿತ್ತು. ಹುಡುಗರು ಕದ್ದು ನೀರು ಕುಡಿದು ಬಾಯಿ ಚಪ್ಪರಿಸಿ, ಸಿಹಿ ಅದ, ಸಿಹಿ ಅದ ಎಂದು ಹೇಳಿಕೊಂಡು ತಿರುಗಿದರು.

ತುಳಜವ್ವ ಕುಡಿಯಲಿಲ್ಲ. ಹೊಸ ನೀರಿಗೆ ಉಡಿ ತುಂಬಬೇಕು. ಗಂಗವ್ವನಿಗೆ ಸೀರೆ ಕುಪ್ಪಸ ಏರಿಸಿ, ಉಡಿಯಲ್ಲಿ ಅಕ್ಕಿ ಕೊಬ್ಬರಿ ಹಾಕದೆ ಕುಡಿದರೆ ಕೂಸುಗಳಿಗೆ ಕೇಡು ಎಂಬುದು ಅವಳ ತಾಯಿ ಹೇಳಿದ ಮಾತು. ಕೇರಿಯ ಪೂಜಾರಿ ಮುದುಕ ನರಸಿಂಗ ತಾನು ಉಡಿ ತುಂಬುತ್ತೇನೆಂದ. ಕೇರಿಯ ದೇವಿ ಮಾರಗವ್ವನ ಪೂಜೆ ಮಾಡುವ ಕೈ ಗಂಗವ್ವನಿಗೂ ಆದೀತು. ತುಳಜವ್ವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು.

“ಬ್ಯಾಡ. ಊರ ಅಯ್ಯನ ಕೈಲಿ ತುಂಬಸ್ತೀನಿ” ಎಂದಳು. ಅಯ್ಯ ಅಂದರೆ ಪಾಟೀಲರ ಮನೆಯ ಪೂಜೆ ಮಾಡುವ ಜಂಗಮ.

ಪಂಡರಿ ಹೌಹಾರಿದ. “ಯಾಕಬೇ ಅವ್ವಾ? ನಮ್ಮ ನೀರು ನಾವ ಕುಡೀತೀವಿ. ಅಯ್ಯ ಯಾಕ ಬೇಕು?”

“ನರಸಿಂಗ ಮಾಮ ಉಡಿ ತುಂಬಿದ್ರ ಅದು ತೊಗಲಗುಂಡಿನೇ ಉಳೀತದ. ನಾಳಿ ನೀನು ಹೆಣ್ಣು ಕೇಳ್ಲಿಕ್ಕಿ ಹೋದ್ರ ತೊಗಲಗುಂಡಿ ನೀರು ಕುಡಿಯೋರು ಅಂತಾರ. ಅಯ್ಯನ ಕೈ ಹತ್ತಿದ್ರ ಅದು ಗಂಗವ್ವ ಆಗ್ತದ. ನನಗ ಗಂಗವ್ವನ ನೀರು ಕುಡಿಯೋದದ, ಗುಂಡಿ ನೀರಲ್ಲ.”

ಹಬೀಬ ತಲೆ ತಗ್ಗಿಸಿ ಸಸಿಗೆ ಪಾತಿ ಮಾಡುತ್ತಿದ್ದ. “ಅಕ್ಕಾ, ಹೂ ಅರಳೇದ ಅಂತ ದನಕ್ಕ ಹೋಗಿ ಹೇಳಬಾರ್ದು” ಎಂದ. ಅವಳು ಕೇಳಲಿಲ್ಲ. ನಾತ ಹತ್ತಿದ ಮೈಗೆ ಮಡಿಯ ಆಸೆ. ಇದನ್ನು ದಡ್ಡತನ ಅನ್ನುವವರು ಅನ್ನಲಿ. ಹುಟ್ಟಿದಾಗಿನಿಂದ ಹೊಲಸು ಎನ್ನಿಸಿಕೊಂಡವಳಿಗೆ ಯಾರ ಬಾಯಿಂದ ಅದು ಬಂತೋ ಅದೇ ಬಾಯಿಂದ ಚೊಕ್ಕ ಎನ್ನಿಸಿಕೊಳ್ಳುವ ಹಂಬಲ ಇರುತ್ತದೆ.

ವಾಡೆಯ ಮುಂದೆ ನಿಂತು ಸೆರಗೊಡ್ಡಿ ಕೇಳಿದಳು. ಪಾಟೀಲ ಮಹಾರುದ್ರಪ್ಪ ಬೈಯಬಹುದು ಅಂದುಕೊಂಡಿದ್ದಳು. ಅವನು ನಕ್ಕ.

“ಗುಂಡಿ ಅಷ್ಟು ಚಂದ ಆಗೇದೇನ ತುಳಜಿ?”

“ಹೌದ್ರಿ ಎಪ್ಪಾ. ತಳದ ಕಲ್ಲು ಕಾಣಸ್ತದ್ರಿ.”

“ಗಿಡಾನೂ ಹಚ್ಚೀರಂತ.”

“ಹುಡುಗ್ರು ಹಚ್ಚ್ಯಾವ್ರಿ. ಹಬೀಬ ಭಾಯಿ ಕಲಿಸ್ಯಾನ್ರಿ.”

“ಅಯ್ಯನ್ನ ಕರ್ಕೊಂಡ ಬರ್ತೀನಿ, ಹೋಗು” ಎಂದ ಮಹಾರುದ್ರಪ್ಪ.

ತುಳಜವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲೆ ಇರಲಿಲ್ಲ. ಪಾಟೀಲ ಯಾಕೆ ನಕ್ಕ ಎಂದು ಅವಳಿಗೆ ಗೊತ್ತಿರಲಿಲ್ಲ. ದೇಶದ ತುಂಬ ವನಮಹೋತ್ಸವ ಮಾಡಬೇಕು ಎಂದು ಆ ಮಳೆಗಾಲದಲ್ಲೇ ಹುಕುಂ ಬಂದಿತ್ತು. ಹುಮನಾಬಾದಿನಿಂದ ಒಬ್ಬ ಸರಕಾರಿ ಸಾಹೇಬರು ಊರಿಗೆ ಬರುವವರಿದ್ದರು. ಗಿಡ ಹಚ್ಚಿ ತೋರಿಸಲು ಪಾಟೀಲನಿಗೊಂದು ಜಾಗ ಬೇಕಾಗಿತ್ತು. ಅವನ ಹೊಲದ ಬದುವಿನಲ್ಲಿ ಒಂದು ಜಾಲಿಯೂ ಇರಲಿಲ್ಲ.

ಆ ದಿನ ಕೇರಿಯ ಹೆಂಗಸರು ಒಗೆದ ಸೀರೆ ಉಟ್ಟರು. ತುಳಜವ್ವ ತನ್ನ ಮದುವೆಯ ಕುಪ್ಪಸವನ್ನೇ ಗಂಗವ್ವನಿಗೆಂದು ಮಡಚಿ ಇಟ್ಟಿದ್ದಳು. ಹೊಂಡದ ಬಳಿ ಹೋದರೆ ಸುತ್ತ ಹಗ್ಗ ಕಟ್ಟಿತ್ತು. ಪಾಟೀಲನ ಆಳು ಬಕ್ಕಪ್ಪ ಹಗ್ಗದ ಬಳಿ ಕೋಲು ಹಿಡಿದು ನಿಂತಿದ್ದ. ಒಳಗೆ ಊರ ಶಾಲೆಯ ಮಕ್ಕಳು ಸಾಲಾಗಿ ಕೂತಿದ್ದರು. ಕೇರಿಯ ಮಕ್ಕಳು ಹಗ್ಗದ ಹೊರಗೆ.

ಸಾಹೇಬರು ಸಸಿ ನೆಡಲು ಜಾಗ ಬೇಕು. ದಂಡೆಯ ತುಂಬ ಗಿಡ. ಪಾಟೀಲ ಕಣ್ಸನ್ನೆ ಮಾಡಿದ. ಬಕ್ಕಪ್ಪ ಎದುರಿಗಿದ್ದ ಹೊಂಗೆಗಳನ್ನು ಬೇರು ಸಹಿತ ಕಿತ್ತು ಹಿಂದಕ್ಕೆ ಎಸೆದ. ಗುಂಡಿ ತೋಡಲು ಪಂಡರಿಯನ್ನೇ ಕರೆದರು. ತಾನು ನೆಟ್ಟ ಗಿಡ ಕಿತ್ತ ಜಾಗದಲ್ಲಿ ಪಂಡರಿ ಗುಂಡಿ ತೋಡಿದ, ತೋಡಿ ಹಗ್ಗದ ಹೊರಗೆ ಬಂದು ನಿಂತ. ಸಾಹೇಬರು ಒಂದು ಮಾವಿನ ಸಸಿ ಇಟ್ಟು ಕೈ ತೊಳೆದುಕೊಂಡರು. ಗ್ರಾಮದ ತರುಣರು ನಿಸರ್ಗವನ್ನು ಪುಸ್ತಕದಿಂದಲ್ಲ, ಕೈಯಿಂದ ಕಲಿಯಬೇಕು ಎಂದು ಭಾಷಣ ಮಾಡಿದರು. ಅಸ್ಪೃಶ್ಯತೆ ಈಗ ಕಾಯದೆಯಿಂದಲೇ ಹೋಗಿದೆ ಎಂದೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಗ್ಗದ ಹೊರಗಿನವರೂ ತಟ್ಟಿದರು.

ಸಂಗಮ್ಮನಿಗೆ ತನ್ನ ನೈದಿಲೆಯ ಚಿಂತೆ. ಹಗ್ಗದ ಕೆಳಗೆ ನುಸುಳಿ ದಂಡೆಗೆ ಹೋದಳು. ಬಕ್ಕಪ್ಪ ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ರಟ್ಟೆಯ ಮೇಲೆ ಐದು ಬೆರಳು ಮೂಡಿದವು.

ಆಮೇಲೆ ಅಯ್ಯ ಎದ್ದ. ನೀರಿಗೆ ಗೋಮೂತ್ರ ಚಿಮುಕಿಸಿದ, ವಿಭೂತಿ ಹಾಕಿದ, ಮಂತ್ರ ಹೇಳಿದ. ಪಾಟೀಲನ ಹೆಂಡತಿ ಕಸ್ತೂರಿಬಾಯಿ ರೇಷ್ಮೆ ಸೀರೆ ಏರಿಸಿ ಉಡಿ ತುಂಬಿದಳು. ತುಳಜವ್ವ ತನ್ನ ಕುಪ್ಪಸ ಹಿಡಿದು ಕೂಗಿದಳು, “ಅವ್ವಾರೇ, ಇದನ್ನೂ ಏರಸ್ರಿ.” ಯಾರೂ ತಿರುಗಲಿಲ್ಲ. ಕಸ್ತೂರಿಬಾಯಿ ಬೊಗಸೆಯಲ್ಲಿ ನೀರು ಮೊಗೆದು ಕುಡಿದಳು. ಆ ನೀರು ಅವಳ ಗಂಟಲಲ್ಲಿ ಇಳಿಯುವುದನ್ನು ತುಳಜವ್ವ ನೋಡಿದಳು.

ಸಾಹೇಬರ ಮೋಟಾರು ಹೋದ ಮೇಲೆ ಪಾಟೀಲ ಹೇಳಿದ, “ತುಳಜಿ, ಇನ್ನ ಮುಂದ ಕೇರಿಯವ್ರು ಈ ಕಡಿ ಕಾಲಿಡಬಾರ್ದು. ನೀರು ಶುದ್ಧ ಆಗೇದ.”

“ಎಪ್ಪಾ, ಬಳದೋರು ನಾವ್ರಿ.”

“ಶುದ್ಧ ಮಾಡ್ರಿ ಅಂತ ಬೇಡ್ಕೊಂಡವಳು ನೀನ. ನಾ ಏನ್ ಕಸಗೊಂಡೀನೇನು?”

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದು ಹೊಸದಲ್ಲ. ಇಲ್ಲಿ ಗೆದ್ದಲೇ ಹೋಗಿ ಹಾವನ್ನು ಕರೆದು ತಂದಿತ್ತು. ತುಳಜವ್ವ ಕುಪ್ಪಸವನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಕೇರಿಯವರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಪಂಡರಿ ಮರುದಿನವೇ ಕೊಡ ತಗೊಂಡು ಹೋಗಿ ನೀರಿಗೆ ಅದ್ದಿದ. ಕಾಯದೆ ಬಂದಿದೆ ಎಂದು ಸಾಹೇಬರೇ ಹೇಳಿದ್ದರಲ್ಲ. ಬಕ್ಕಪ್ಪ ಮತ್ತು ಇನ್ನಿಬ್ಬರು ಅವನ ಬಲಗೈಯನ್ನು ದಂಡೆಯ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದರು. ಎಲೆ ಸವರಿ ಗಿಡದ ಹೆಸರು ಹೇಳುತ್ತಿದ್ದ ಬೆರಳುಗಳು ಆಮೇಲೆ ಮಡಚಲು ಬರಲಿಲ್ಲ. ತುಳಜವ್ವ ಮಗನನ್ನು ಕರೆದುಕೊಂಡು ಹುಮನಾಬಾದಿಗೆ ನಡೆದು ಹೋಗಿ ಅದೇ ಸಾಹೇಬರ ಬಂಗಲೆಯ ಮುಂದೆ ಕೂತಳು. ಸಾಹೇಬರು ಕೈ ನೋಡಿ ಛೆ ಛೆ ಅಂದರು. ಪಾಟೀಲರನ್ನು ಕೇಳಿ ವಿಚಾರ ಮಾಡುತ್ತೇನೆ ಅಂದರು. ಪಾಟೀಲರನ್ನು ಕೇಳಿದರು. ಹುಡುಗ ಕಲ್ಲಿನ ಮೇಲೆ ಜಾರಿ ಬಿದ್ದ ಎಂದು ಪಾಟೀಲರು ಹೇಳಿದರು. ವಿಚಾರ ಮುಗಿಯಿತು.

ಹೊಂಡಕ್ಕೊಬ್ಬ ಮಾಲಿ ಬೇಕಿತ್ತು. ಪಾಟೀಲ ಹಬೀಬನನ್ನು ಇಟ್ಟುಕೊಂಡ. ಹಬೀಬ ಮುಟ್ಟಿದರೆ ನೀರು ಕೆಡುವುದಿಲ್ಲ, ಅವನನ್ನು ಮುಚ್ಚಿಟ್ಟು ಉಳಿಸಿದವಳು ಮುಟ್ಟಿದರೆ ಕೆಡುತ್ತದೆ. ಒಲ್ಲೆ ಅಂದರೆ ಅವನ ಬೆನ್ನಿಗೆ ಯಾರಿದ್ದರು? ಎರಡು ವರ್ಷದ ಹಿಂದಿನ ತಲವಾರುಗಳು ಇನ್ನೂ ಮನೆಗಳ ತೊಲೆಯಲ್ಲೇ ಇದ್ದವು. ಕೇರಿಯವರು ಹಗ್ಗದ ಹೊರಗೆ ಕೊಡ ಇಟ್ಟರೆ ಮೇಲಿನಿಂದ ಸುರಿ ಎಂದು ಪಾಟೀಲ ಉದಾರವಾಗಿ ಹೇಳಿದ್ದ.

ಹಬೀಬ ಸುರಿದ. ಎಲೆ ಅಗಿಸಿ ಕಲಿಸಿದ ಹುಡುಗರು ಕೆಳಗೆ ಬೊಗಸೆ ಒಡ್ಡಿ ಕೂತರು, ಅವನು ಮೇಲೆ ನಿಂತು ಸುರಿದ. ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಸುರಿಯುವ ಕೈ ನಿಲ್ಲುತ್ತಿರಲಿಲ್ಲ. ತುಳಜವ್ವನ ಸರದಿ ಬಂತು. ಅವಳು ಬೊಗಸೆ ಒಡ್ಡಿದಳು. ನೀರು ಬೀಳುವ ಮೊದಲು ಕೈ ಹಿಂದಕ್ಕೆ ತಗೊಂಡಳು. ನೀರು ಮಣ್ಣಿಗೆ ಬಿತ್ತು.

“ಬ್ಯಾಡ ಭಾಯಿ” ಎಂದಳು.

“ಅಕ್ಕಾ, ನಾ ಏನ್ ಮಾಡ್ಲಿ ಹೇಳು.”

“ನೀ ಏನೂ ಮಾಡಬ್ಯಾಡ. ಹುಟ್ಟಿದಾಗಿಂದ ಹಿಂಗ ಕುಡದೀನಿ. ನಿನ್ನ ಕೈಲಿ ಹಿಂಗ ಕುಡಿಯೋದು ನನ್ನ ಕೈಲಿ ಆಗಂಗಿಲ್ಲ.”

ಅವಳು ಖಾಲಿ ಕೊಡ ಎತ್ತಿಕೊಂಡು ಎದ್ದಳು. ಉಳಿದ ಹೆಂಗಸರೂ ಎದ್ದರು. ಅಂದಿನಿಂದ ಕೇರಿಯವರು ದೂರದ ಹಳ್ಳದಲ್ಲಿ ಉಸುಕು ತೋಡಿ ನೀರು ತಂದರು.

ಕೆಲವು ದಿನಕ್ಕೆ ಪಾಟೀಲನ ಎಮ್ಮೆ ಸತ್ತಿತು. ವಾಡೆಯಿಂದ ಹೇಳಿಕೆ ಬಂತು. ಹೊತ್ತು ಹಾಕಬೇಕು, ಇದು ಬಿಟ್ಟಿ, ಒಲ್ಲೆ ಅನ್ನುವ ಮಾತಿಲ್ಲ. ಪಂಡರಿಯ ಕೈ ಹೋಗಿತ್ತು. ತುಳಜವ್ವ ಹೋದಳು. ಉಬ್ಬಿದ ಎಮ್ಮೆಯ ಕಾಲು ಕಟ್ಟಿ ಬಿದಿರ ಗಳು ತೂರಿಸಿ ಕೇರಿಯವರು ಎತ್ತಿದರು. ಗಳು ತುಳಜವ್ವನ ಹೆಗಲನ್ನು ಹೆರೆಯಿತು. ಎಮ್ಮೆಯ ಬಾಯಿಂದ ಬಂದ ನೀರು ಅವಳ ಬೆನ್ನ ಮೇಲೆ ಇಳಿಯಿತು. ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು, ದೂರ ಹಿಡ್ಕೊಂಡು ಹೋಗ್ರಿ ಎಂದಳು. ಅವಳ ಮೂಗಿನ ಮೇಲೆ ಸೆರಗು ಇತ್ತು.

ಕೇರಿಯ ಆಚೆ ತುಳಜವ್ವ ಸುಲಿಯಲು ಕೂತಳು. ಕತ್ತಿ ಹಾಕಿದಳು. ಹಸಿ ತೊಗಲು ಬಿಟ್ಟು ಬರುವಾಗ ಬರುವ ಆ ಹಳೆಯ ನಾತ ಬಂತು. ಅದೇ ನಾತಕ್ಕೆ ತಲವಾರಿನವರು ಓಡಿದ್ದರು. ಅವಳ ಕೈ ನಿಂತಿತು. ಆಮೇಲೆ ಪೂರ್ತಿ ಸುಲಿದಳು, ಮಾಂಸ ಹೆರೆಯಲಿಲ್ಲ. ತೊಗಲನ್ನು ಹಾಗೇ ತಲೆಯ ಮೇಲೆ ಹೊತ್ತಳು. ಪಂಡರಿಗೆ ಸುಣ್ಣದ ಬುಟ್ಟಿ ಹೊರಿಸಿದಳು.

“ಎಲ್ಲಿಗಿ ಅವ್ವಾ?”

“ತೊಗಲು ಎಲ್ಲಿ ನೆನಿಹಾಕ್ತೀವಿ ನಾವು?”

ಪಂಡರಿಗೆ ತಿಳಿಯಿತು. ಬುಟ್ಟಿಗೆ ಎಡಗೈ ಕೊಟ್ಟು ಅವಳ ಹಿಂದೆ ನಡೆದ.

ನಡುಹಗಲು. ಊರ ನಡುವಿನ ದಾರಿಯಿಂದಲೇ ಹೋದಳು. ರಕ್ತ, ನೆಣ ಮುಖದ ಮೇಲೆ ಇಳಿಯುತ್ತಿತ್ತು. ಕಟ್ಟೆಯ ಮೇಲಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ತಡೆಯಲು ಮುಟ್ಟಬೇಕು, ಯಾರೂ ಮುಟ್ಟಲಿಲ್ಲ. ಕೇರಿಯ ಮಕ್ಕಳು ಹಿಂದೆ ಬಂದರು. ಹೊಂಡದ ಬಳಿ ಸಂಗಮ್ಮ ಓಡಿ ಬಂದು ಅವಳ ಸೀರೆ ಹಿಡಿದಳು.

“ದೊಡ್ಡವ್ವಾ, ನೀರಕೋಳಿ ತತ್ತಿ ಇಟ್ಟದ. ಜೊಂಡಿನಾಗ ಅದ. ಮರಿ ಬರೋತನ ತಡಿ ದೊಡ್ಡವ್ವಾ.”

ತುಳಜವ್ವ ನಿಂತಳು. ತೊಗಲಿನ ಭಾರಕ್ಕೆ ಅವಳ ಕತ್ತು ನಡುಗುತ್ತಿತ್ತು. ನೀರು ತಿಳಿಯಾಗಿತ್ತು. ನೈದಿಲೆ ಅರಳಿತ್ತು. ಹಕ್ಕಿ ಜೊಂಡಿನ ಗೂಡಿನ ಮೇಲೆ ಕೂತು ಇವರನ್ನೇ ನೋಡುತ್ತಿತ್ತು. ಮರಿ ಬರುತ್ತವೆ. ಆಮೇಲೆ ಮರಿ ಈಜು ಕಲಿಯಬೇಕು. ಆಮೇಲೆ ಕಪ್ಪೆಯ ಮರಿ, ಮೀನು, ಮತ್ತೆ ನೈದಿಲೆ. ಚಂದದ್ದು ಏನಾದರೂ ಒಂದು ಇದ್ದೇ ಇರುತ್ತದೆ. ಅದು ಇರುವತನಕ ಹಗ್ಗವೂ ಇರುತ್ತದೆ. ಅವಳಿಗೆ ಆ ಹಕ್ಕಿಯ ಮೇಲೆ ಮರುಕ ಬಂತು.

“ನಮಗ ಯಾರು ತಡದ್ರು ಮಗಳೇ?” ಎಂದಳು.

ಹಗ್ಗ ದಾಟಿದಳು. ತೊಗಲನ್ನು ನೀರಿಗೆ ಬಿಟ್ಟಳು. ನೀರು ಕೆಂಪಾಯಿತು. ಪಂಡರಿ ಎಡಗೈಯಿಂದ ಸುಣ್ಣದ ಬುಟ್ಟಿ ಬೋರಲು ಹಾಕಿದ. ನೀರು ಬುಸುಗುಟ್ಟಿತು, ಬೆಳ್ಳಗಾಯಿತು. ತೊಗಲು ಮುಳುಗಲಿಲ್ಲ, ಉಬ್ಬಿ ತೇಲುತ್ತಿತ್ತು. ಹಬೀಬ ಗಿಡಕ್ಕೆ ನೀರು ಹಾಕುವ ಝಾರಿ ಹಿಡಿದು ದೂರದಲ್ಲಿ ನಿಂತಿದ್ದ. ಝಾರಿ ಕೆಳಗಿಟ್ಟು ಬಂದ. ಬಂದು, ಕೆಂಪುಕಲ್ಲಿನ ಒಂದು ದೊಡ್ಡ ಚಪ್ಪಡಿ ಎತ್ತಿ, ತೊಗಲಿನ ಮೇಲೆ ಇಟ್ಟ. ತೊಗಲು ಮುಳುಗಿತು. ಅದು ಅವನು ಕೇರಿಯಲ್ಲಿ ನೋಡಿ ಕಲಿತ ಕೆಲಸ. ಅವನು ಅಳುತ್ತಿದ್ದ. ತುಳಜವ್ವನೂ ಅಳುತ್ತಿದ್ದಳು.

ಹೊಡೆತ ಬಿದ್ದವು. ದೂರದಿಂದ ಕಲ್ಲು ಬಿದ್ದವು. ತುಳಜವ್ವನ ಹಣೆ ಒಡೆಯಿತು. ಹಬೀಬನನ್ನು ಊರ ಗಡಿಯತನಕ ಅಟ್ಟಿಸಿಕೊಂಡು ಹೋದರು. ಅವನು ಕಲ್ಯಾಣಿಯ ದಾರಿ ಹಿಡಿದ, ಮತ್ತೆ ಬರಲಿಲ್ಲ. ಕೇರಿಯ ಎರಡು ಗುಡಿಸಲು ಸುಟ್ಟರು.

ಅಯ್ಯ ಬಂದು ನೋಡಿ ತಲೆ ಅಲ್ಲಾಡಿಸಿದ. ಉಡಿ ತುಂಬಿದ ನೀರಿಗೆ ಹಸಿ ತೊಗಲು ಬಿದ್ದರೆ ಮಂತ್ರಕ್ಕೆ ಬಗ್ಗುವುದಿಲ್ಲ, ಪೂರ್ತಿ ಬಳಿದು ತಳ ತೊಳೆಯಬೇಕು ಎಂದ. ಬಳಿಯುವವರು ಯಾರು? ಮಾದಿಗರು. ಪಾಟೀಲ ಹೇಳಿಕೆ ಕಳಿಸಿದ. ಕೇರಿ ಏಳಲಿಲ್ಲ. ಬಕ್ಕಪ್ಪ ಕೋಲು ಹಿಡಿದು ಬಂದ. ಕೇರಿ ಹೊಡೆಸಿಕೊಂಡಿತು, ಏಳಲಿಲ್ಲ. ಅಷ್ಟೇ ಅವರಿಗೆ ಮಾಡಲು ಬರುತ್ತಿತ್ತು, ಅದನ್ನು ಮಾಡಿದರು. ಪಾಟೀಲ ಸಾಕಾಗಿ, ಹೋಗ್ಲಿ ಬಿಡು, ಅದು ಅವರ ಗುಂಡಿ ಅಂದ. ಹಗ್ಗ ಬಿಚ್ಚಿಕೊಂಡು ಹೋದರು. ಸಾಹೇಬರ ಮಾವಿನ ಸಸಿ ಆಗಲೇ ಒಣಗಿತ್ತು.

ಮಳೆ ಕೈಕೊಟ್ಟ ಭಾದ್ರಪದದ ಬಿಸಿಲಿಗೆ ಮೀನು ಹೊಟ್ಟೆ ಮೇಲೆ ಮಾಡಿ ದಂಡೆಗೆ ಬಂದವು. ನೊಣ ಬಂದವು. ಹಕ್ಕಿ ಹೋಗಿತ್ತು, ತತ್ತಿ ಗೂಡಿನಲ್ಲೇ ಇದ್ದವು. ಹಳ್ಳದ ಉಸುಕು ತೋಡಿ ನೀರು ಸಿಗದೆ ಬಂದ ಸಂಗಮ್ಮ ಖಾಲಿ ಕೊಡ ಹಿಡಿದು ಗುಂಡಿಯ ದಂಡೆಯಲ್ಲಿ ನಿಂತಿದ್ದಳು. ತುಟಿ ಒಡೆದಿತ್ತು. ತುಳಜವ್ವ ತೊಗಲು ಮಗುಚಿ ಹಾಕುತ್ತಿದ್ದಳು.

“ದೊಡ್ಡವ್ವಾ, ಈಗ ಇದು ನಮ್ದು ಹೌದಲಾ?”

“ನಮ್ದು.”

“ಹಗ್ಗ ಇಲ್ಲಲಾ?”

“ಇಲ್ಲ.”

“ಮತ್ತ ಕುಡೀಲೇನು?”

“ಬ್ಯಾಡ.”

“ಈಗ ಬ್ಯಾಡ ಅನ್ನೋರು ಯಾರು?”

ತುಳಜವ್ವ ಮೇಲೆ ಬಂದಳು. ಹುಡುಗಿ ಆಗಲೇ ಬಗ್ಗಿದ್ದಳು, ಬೊಗಸೆ ನೀರಿನ ಹತ್ತಿರ ಹೋಗಿತ್ತು.

“ನಾ ಅಂತೀನಿ” ಎಂದಳು ತುಳಜವ್ವ. ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಬಕ್ಕಪ್ಪ ಹಿಡಿದ ಜಾಗದಲ್ಲೇ ಹಿಡಿದಿದ್ದಳು. ಐದು ಬೆರಳು ಮತ್ತೆ ಮೂಡಿದವು.